ಕೆಂಪು ನೀರಿಗೆ ಹಳೆ ಮರಳು: ಮದ್ದೂರು ಕಡೆಯ ಎರಡು ತೋಟದ ಮನೆಗಳಲ್ಲಿ ನಾನು ಮಾಡಿದ್ದು

ಮಂಡ್ಯ ಸುತ್ತಮುತ್ತ ಬೋರ್, ಮೋಟರ್, ಫಿಲ್ಟರ್ ಕೆಲಸ ಮಾಡುವವರಿಗೆ ಕೆಂಪು ನೀರು ಹೊಸದಲ್ಲ. ಮೋಟರ್ ಹಾಕಿದಾಗ ನೀರು ತಿಳಿಯಾಗೇ ಬರುತ್ತೆ. ತೊಟ್ಟಿಯಲ್ಲಿ ಒಂದು ರಾತ್ರಿ ನಿಂತರೆ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹೊಳೆಯುವ ಪೊರೆ, ತಳದಲ್ಲಿ ಕೆಮ್ಮಣ್ಣು. ಬಿಳಿ ಪಂಚೆ ನಾಲ್ಕು ಒಗೆತಕ್ಕೆ ಹಳದಿ. ಟೀ ಮಾಡಿದರೆ ಮಸಿ. ಕಬ್ಬಿಣದ ಅಂಶ ಜಾಸ್ತಿ ಇದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದನ್ನು ತೆಗೆಯೋಕೆ ಹೋಗಿ ಗಿರಾಕಿ ದುಡ್ಡು, ನಮ್ಮ ಮರ್ಯಾದೆ ಎರಡೂ ಹೋಗುತ್ತೆ. ನನ್ನದೂ ಹೋಗಿತ್ತು. ಈಗ ಎರಡು ವರ್ಷದಿಂದ ನನ್ನ ವಿಧಾನ ಸರಿಯಾಗಿ ನಡೀತಾ ಇದೆ, ಅದಕ್ಕೇ ಬರೀತಿದ್ದೀನಿ.

ಮೊದಲನೇ ಮನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗೆ, ತೆಂಗಿನ ತೋಟ. ರಿಟೈರ್ ಆದ ಮೇಷ್ಟ್ರು ಮತ್ತು ಅವರ ಮನೆಯವರು, ಇಬ್ಬರೇ. ಬೋರ್ ಸುಮಾರು 380 ಅಡಿ, ಒಂದೂವರೆ ಇಂಚು ನೀರು. ಮೇಷ್ಟ್ರ ಮನೆಯವರು ಮೊದಲ ದಿನವೇ ಪಾತ್ರೆ ಮುಚ್ಚಳ ತೆಗೆದು ತೋರಿಸಿದರು. "ನೋಡಪ್ಪಾ, ಅನ್ನಕ್ಕೆ ಅರಿಶಿನ ಹಾಕ್ದಂಗೆ ಕಾಣ್ತದೆ. ಮೊಮ್ಮಗಳು ಮೈಸೂರಿಂದ ಬಂದ್ರೆ ಇಲ್ಲಿ ತಲೆಗೆ ನೀರೇ ಹಾಕ್ಕೊಳಲ್ಲ" ಅಂದರು. ಆ ಮಾತು ನನಗೆ ಚುಚ್ಚಿತು.

ಕೆಲಸಕ್ಕೆ ಮೊದಲು ಒಂದು ಪರೀಕ್ಷೆ ಮಾಡಲೇಬೇಕು, ಬಹಳ ಜನ ಮಾಡಲ್ಲ. ಕೆಂಪು ಬರ್ತಿರೋದು ಕೇಸಿಂಗ್ (ಬೋರಿಗೆ ಇಳಿಸಿದ ಕಬ್ಬಿಣದ ಪೈಪ್) ತುಕ್ಕಿನಿಂದಲೋ, ನೀರಲ್ಲೇ ಕರಗಿದೆಯೋ ನೋಡಬೇಕು. 20 ನಿಮಿಷ ಮೋಟರ್ ಓಡಿಸಿ ಎರಡು ಬಾಟಲಿ ಹಿಡಿಯಿರಿ. ಒಂದನ್ನು ಗಾಳಿಗುಳ್ಳೆ ಇಲ್ಲದ ಹಾಗೆ ಕಂಠದವರೆಗೆ ತುಂಬಿ ಮುಚ್ಚಿ. ಇನ್ನೊಂದನ್ನು ಅರ್ಧ ತುಂಬಿ ಚೆನ್ನಾಗಿ ಕುಲುಕಿ. ಇಲ್ಲಿ ತುಂಬಿದ ಬಾಟಲಿ ಸಂಜೆವರೆಗೂ ತಿಳಿಯಾಗೇ ಇತ್ತು, ಕುಲುಕಿದ್ದು ನಿಧಾನಕ್ಕೆ ತೆಳು ಹಳದಿಗೆ ತಿರುಗ್ತಾ ಇತ್ತು. ಅಂದರೆ ಕಬ್ಬಿಣ ಕರಗಿದೆ, ಗಾಳಿ ಸೋಕಿದರೆ ಹೊರಗೆ ಬೀಳುತ್ತೆ. ತುಕ್ಕಾಗಿದ್ದರೆ ಮೋಟರ್ ಹಾಕಿದ ತಕ್ಷಣ ಕೆಂಪು ಬಂದು ಆಮೇಲೆ ತಿಳಿಯಾಗ್ತಿತ್ತು. ಲ್ಯಾಬ್ ರಿಪೋರ್ಟ್‌ನಲ್ಲಿ ಲೀಟರಿಗೆ 4 ಮಿಲಿಗ್ರಾಂ ಚಿಲ್ಲರೆ ಬಂತು. 0.3 ದಾಟಿದರೇ ಬಟ್ಟೆಗೆ ಕಲೆ ಹಿಡಿಯುತ್ತೆ.

ನನಗಿಂತ ಮುಂಚೆ ಅವರು ಎಷ್ಟು ಕಳೆದುಕೊಂಡಿದ್ದರು ಅಂದರೆ, ಒಬ್ಬರು ಆರ್‌ಒ ಹಾಕಿ ಹೋಗಿದ್ದರು, ಮೂರು ತಿಂಗಳಲ್ಲಿ ಮೆಂಬ್ರೇನ್ ಕಟ್ಟಿಕೊಂಡಿತು. ಇನ್ನೊಬ್ಬರು 28 ಸಾವಿರಕ್ಕೆ ಗಡಸು ನೀರು ಮೆದು ಮಾಡುವ ಸಾಫ್ಟ್‌ನರ್ ಕೂರಿಸಿದರು, ಕಬ್ಬಿಣ ಹತ್ತಿ ಅದರೊಳಗಿನ ರೆಸಿನ್ ಕಾಳು ಇಟ್ಟಿಗೆ ಪುಡಿ ಬಣ್ಣಕ್ಕೆ ಬಂತು, ಅದನ್ನು ತೊಳೆಯೋಕೆ ಎಷ್ಟು ಉಪ್ಪು ಹಾಕಿದರೂ ಎದ್ದೇಳಲಿಲ್ಲ. ನಾನೂ ಮೊದಲು ಮಾಡಿದ್ದು ಹಳೇ ತಪ್ಪೇ. ನೀರು ಸೋಸುವ 20 ಇಂಚಿನ ಕಾರ್ಟ್ರಿಡ್ಜ್ ಎರಡು ಸಾಲಾಗಿ ಹಾಕಿದೆ. ನಾಲ್ಕೇ ದಿನಕ್ಕೆ ಒತ್ತಡ ಸತ್ತುಹೋಯ್ತು. ಒಂದಕ್ಕೆ ಇನ್ನೂರರ ಹತ್ತಿರ, ತಿಂಗಳಿಗೆ 14 ಬೇಕು, ಯಾರು ಕೊಡ್ತಾರೆ? ಪಟಿಕ ಹಾಕಿ ನೋಡಿದೆ. ಪಟಿಕ ನೀರನ್ನು ಹುಳಿ ಕಡೆಗೆ ಎಳೆಯುತ್ತೆ, ಕಬ್ಬಿಣ ಇನ್ನೂ ಹಟ ಹಿಡಿಯಿತು. ಬ್ಲೀಚಿಂಗ್ ಪೌಡರ್ ಹಾಕಿದರೆ ಕಬ್ಬಿಣ ಚಕ್ ಅಂತ ಬೀಳುತ್ತೆ, ಅದು ನಿಜ. ಆದರೆ ಒಂದು ದಿನ ಜಾಸ್ತಿ, ಒಂದು ದಿನ ಕಮ್ಮಿ, ಮನೆಯೆಲ್ಲಾ ವಾಸನೆ. ಎರಡೇ ವಾರಕ್ಕೆ ಬೇಡ ಅಂದರು.

ಆಗ ಗಾಳಿ, ಸಮಯ, ಮರಳು ಈ ಮೂರರಲ್ಲೇ ಮಾಡ್ತೀನಿ ಅಂತ ಕೂತೆ. ನಮ್ಮ ತೋಟಗಳಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ, ಅದೂ ಒಂದು ವಾರ ಹಗಲು, ಒಂದು ವಾರ ರಾತ್ರಿ. ಹಾಗಾಗಿ ಪಂಪಿನ ಒತ್ತಡ ನಂಬಿ ಏನೂ ಮಾಡೋಕಾಗಲ್ಲ. ಮೇಲಿಂದ ಕೆಳಕ್ಕೆ ತಾನಾಗೇ ಇಳಿಯುವ ಹಾಗೆ ಇರಬೇಕು. ಕಬ್ಬಿಣದ ಸ್ಟ್ಯಾಂಡ್ ಮೇಲೆ ನಾಲ್ಕು ತಟ್ಟೆ, ತಳಕ್ಕೆ ತೂತು. ನೀರು ತಟ್ಟೆಯಿಂದ ತಟ್ಟೆಗೆ ಮಳೆ ಹನಿಯ ಹಾಗೆ ಬಿದ್ದು 1000 ಲೀಟರ್ ಟ್ಯಾಂಕಿಗೆ ಇಳಿಯುತ್ತೆ. ಅಲ್ಲಿ ಒಂದು ರಾತ್ರಿ ನಿಲ್ಲಬೇಕು. ಆಮೇಲೆ 200 ಲೀಟರ್ ನೀಲಿ ಡ್ರಮ್ಮಿನಲ್ಲಿ ಜಲ್ಲಿ ಅರ್ಧ ಅಡಿ, ಮೇಲೆ ಒಂದೂವರೆ ಅಡಿ ಮರಳು. ಡ್ರಮ್ ತಿನ್ನುವ ಪದಾರ್ಥ ಬಂದಿದ್ದೇ ಆಗಿರಬೇಕು, ಕೆಮಿಕಲ್ ಡ್ರಮ್ ಮುಟ್ಟಬೇಡಿ. ತೂತಿನ ಅಳತೆ, ತಟ್ಟೆಗಳ ನಡುವಿನ ಎತ್ತರ ನನ್ನ ಹತ್ತಿರವೇ ಇರಲಿ, ಅದನ್ನು ಕಂಡುಕೊಳ್ಳೋಕೆ ಒಂದು ಬೇಸಿಗೆ ಹಾಳಾಗಿದೆ.

ಆದರೆ ಇದು ಮೊದಲಿಗೆ ಕೆಲಸ ಮಾಡಲಿಲ್ಲ. ರಾತ್ರಿಯೆಲ್ಲಾ ನಿಂತ ನೀರಲ್ಲಿ ಬೆಳಿಗ್ಗೆಯೂ ಕಬ್ಬಿಣ ಅರ್ಧಕ್ಕರ್ಧ ಹಾಗೇ ಇತ್ತು. ನೀರಿನ ಹುಳಿ ಅಳೆಯುವ ಪಿಎಚ್ ನೋಡಿದರೆ ಆರೂವರೆ ಆಸುಪಾಸು, 7ಕ್ಕಿಂತ ಕಮ್ಮಿ ಇದ್ದರೆ ಹುಳಿ. ನೀರು ಅಷ್ಟು ಹುಳಿ ಇದ್ದರೆ ಕಬ್ಬಿಣ ಗಾಳಿ ತಿಂದರೂ ಬೇಗ ಬೀಳಲ್ಲ. 7 ದಾಟಿಸಬೇಕು. ಟೈಲ್ಸ್ ಅಂಗಡಿಯವರು ಬಿಸಾಡುವ ಮಾರ್ಬಲ್ ಚೂರು ತಂದು ಮೇಲಿನ ತಟ್ಟೆಗಳಲ್ಲಿ ಹರಡಿದೆ. ಗ್ರಾನೈಟ್ ಆಗಲ್ಲ, ಸುಣ್ಣದ ಜಾತಿಯ ಕಲ್ಲೇ ಬೇಕು. ನೀರಿನ ಗಡಸುತನ ಸ್ವಲ್ಪ ಏರುತ್ತೆ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ. ಎಷ್ಟು ಕಲ್ಲು, ಎಷ್ಟು ದಿನಕ್ಕೆ ಬದಲು ಅನ್ನೋದು ಪ್ರತಿ ಬೋರಿಗೂ ಬೇರೆ.

ಮರಳಿನಲ್ಲೂ ಎಡವಿದೆ. ಎಂ ಸ್ಯಾಂಡ್ ಹಾಕಿದೆ, ಕಲ್ಲು ಪುಡಿ ಹದಿನೈದು ದಿನ ಬರ್ತಾನೇ ಇತ್ತು, ಆಮೇಲೆ ಗಾರೆ ಹಾಗೆ ಕಟ್ಟಿಕೊಂಡಿತು. ಕೊನೆಗೆ ಒಡೆಯುತ್ತಿದ್ದ ಹಳೇ ಮನೆಯ ಹಿತ್ತಲಲ್ಲಿ ಗುಡ್ಡೆ ಬಿದ್ದಿದ್ದ ಹೊಳೆ ಮರಳನ್ನು ಜರಡಿ ಹಿಡಿದು ಹಾಕಿದೆ. ಈ ಮನೆಯಲ್ಲಿ ನನ್ನ ಕೈಯಿಂದಲೇ 8 ಸಾವಿರ ಹೋಯ್ತು.

ಇಷ್ಟಾದರೂ ನೀರು ಒಂದು ವಾರ ಚೆನ್ನಾಗಿದ್ದರೆ ಮುಂದಿನ ವಾರ ಮತ್ತೆ ಹಳದಿ. ಅಷ್ಟರಲ್ಲಿ ಇನ್ನೊಂದು ತೋಟಕ್ಕೂ ಇದನ್ನೇ ಕೂರಿಸಿದ್ದೆ, ಕೊಪ್ಪ ಕಡೆ. ಆ ಯಜಮಾನರು ಮೈಸೂರಲ್ಲಿ ಕೆಲಸದಲ್ಲಿದ್ದಾರೆ, ತೋಟದಲ್ಲಿ ಆಳು ಸಂಸಾರ ಇರುತ್ತೆ. ಅಲ್ಲೂ ಹೀಗೇ ಆಗಿರುತ್ತೆ ಅಂತ ದುಡ್ಡು ವಾಪಸ್ ಕೊಡೋಕೇ ಹೋದೆ. ನಲ್ಲಿ ನೀರು ಗ್ಲಾಸಿಗೆ ಹಿಡಿದು, ಬೇಲಿಯ ಸೀಬೆ ಎಲೆ ಎರಡು ಕಿತ್ತು, ಅಂಗೈಯಲ್ಲಿ ಉಜ್ಜಿ ಹಾಕಿದೆ. ಕಬ್ಬಿಣ ಇದ್ದರೆ ಐದು ನಿಮಿಷದಲ್ಲಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತೆ. ಹತ್ತು ನಿಮಿಷ ಕಾದೆ. ನೀರು ಎಲೆ ಹಸಿರು ಬಿಟ್ಟು ಬೇರೆ ಬಣ್ಣಕ್ಕೆ ಹೋಗಲಿಲ್ಲ. ಡ್ರಮ್ ಮುಚ್ಚಳ ತೆಗೆದರೆ ಒಳಗೆ ಮರಳು ಕಾಫಿ ಪುಡಿ ಬಣ್ಣ. "ಯಾವಾಗ ತೊಳೆದ್ರಿ?" ಅಂದೆ. ಆಳಿನ ಹೆಂಡತಿ ಹೆದರಿಕೊಂಡು, "ತೊಳೆದೇ ಇಲ್ಲ ಕಣಣ್ಣ, ಟೈಮೇ ಸಿಗಲಿಲ್ಲ, ಮೂರ್ ತಿಂಗ್ಳಾಯ್ತು" ಅಂದಳು.

ಮೇಷ್ಟ್ರ ಮನೆಯವರು ನಾನು ಹೇಳಿಕೊಟ್ಟ ಹಾಗೆ ಪ್ರತಿ ಭಾನುವಾರ ಮರಳನ್ನು ಹೊರಗೆ ತೆಗೆದು ಅಕ್ಕಿ ತೊಳೆದ ಹಾಗೆ ಬೆಳ್ಳಗೆ ತೊಳೆಯುತ್ತಿದ್ದರು. ತಪ್ಪು ಅಲ್ಲೇ ಇತ್ತು, ನನ್ನದೇ. ಮರಳಿನ ಕಾಳಿಗೆ ಕಬ್ಬಿಣದ ಲೇಪ ಕೂತರೆ, ಆ ಲೇಪವೇ ನೀರಲ್ಲಿ ಉಳಿದ ಕಬ್ಬಿಣವನ್ನು ಹಿಡಿದುಕೊಳ್ಳುತ್ತೆ. ಪ್ರತಿ ವಾರ ಅದನ್ನೇ ಉಜ್ಜಿ ತೆಗೀತಿದ್ದೆವು. ತೊಳೆಯೋದು ನಿಲ್ಲಿಸಿ ಅಂದೆ. ಹೊಸ ಮರಳು ಹದಕ್ಕೆ ಬರೋಕೆ ಐದಾರು ವಾರ ಬೇಕಾಯ್ತು. ಆಮೇಲೆ ರಿಪೋರ್ಟ್ 0.2 ಬಂತು. ಜೊತೆಗೆ ಕೆಲಸ ಮಾಡುವ ಪ್ಲಂಬರ್ ಒಬ್ಬ, "ಕೊಳಕು ಮರಳಲ್ಲಿ ಸೋಸಿದ್ರೆ ನೀರು ಕ್ಲೀನಾಗ್ತದಾ? ಹೋಗಣ್ಣ" ಅಂತ ಟೀ ಅಂಗಡಿಯಲ್ಲಿ ಎಲ್ಲರೆದುರು ಅಂದಿದ್ದ. ಅವನೇ ಹೋದ ತಿಂಗಳು ತನ್ನ ಮಾವನ ಮನೆಗೆ ಹಾಕಿಸಿಕೊಂಡ.

ಈಗ ಹೊಸ ಡ್ರಮ್ ಕೂರಿಸುವಾಗ ಮೇಷ್ಟ್ರ ಮನೆಯಿಂದ ಒಂದು ಬಕೆಟ್ ಹಳೆ ಮರಳು ತಂದು ಬೆರೆಸ್ತೀನಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆರು ವಾರದ ಕೆಲಸ ಎರಡು ವಾರಕ್ಕೆ ಬರುತ್ತೆ. ನೀರು ಇಳಿಯೋದು ನಿಧಾನ ಆದಾಗ ಮೇಲಿನ ಎರಡು ಇಂಚು ಮಾತ್ರ ಕೈಯಲ್ಲಿ ಕಲಕಿ, ಕೆಂಪು ನೀರು ಬಸಿದು ಬಿಡಿ. ಅಷ್ಟೇ. ಗಂಟೆಗೆ 150 ಲೀಟರಿಗಿಂತ ಜಾಸ್ತಿ ಬಿಡಬೇಡಿ.

ಬಿಡುವಿನಲ್ಲಿ ಇನ್ನೂ ಕೆಲವು ನೋಡಿದೆ. ಸೀಬೆ ಎಲೆ ಬದಲು ಅಳಲೆಕಾಯಿ ಪುಡಿ ಹಾಕಿದರೆ ಬಣ್ಣ ಇನ್ನೂ ಗಾಢ, ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದಲೇ ಮಸಿ ಮಾಡುತ್ತಿದ್ದರಲ್ವಾ. ಈಗ ಸಣ್ಣ ಡಬ್ಬಿ ಬ್ಯಾಗಲ್ಲೇ ಇರುತ್ತೆ. ಟ್ಯಾಂಕ್ ತಳದ ಕೆಸರನ್ನು ಮೆಣಸಿನ ಗಿಡಕ್ಕೆ ಹಾಕಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಮೇಷ್ಟ್ರ ಮನೆಯವರು ಅದೇ ಕೆಸರನ್ನು ಒಣಗಿಸಿಟ್ಟು ರಂಗೋಲಿ ಅಂಚಿಗೆ ಕೆಮ್ಮಣ್ಣಾಗಿ ಹಾಕ್ತಾರೆ. ಡ್ರಿಪ್ ಪೈಪ್ ಕಟ್ಟದ ಹಾಗೆ ತೋಟದ ನೀರಿಗೂ ಇದನ್ನೇ ಮಾಡೋಣ ಅಂತ ನೋಡಿದೆ, ಅಷ್ಟು ನೀರಿಗೆ ಎಷ್ಟು ಡ್ರಮ್ ಇಟ್ಟರೂ ಸಾಲಲ್ಲ, ಬಿಟ್ಟೆ.

ಖರ್ಚು ಟ್ಯಾಂಕ್, ಸ್ಟ್ಯಾಂಡ್, ಡ್ರಮ್, ಪೈಪ್ ಎಲ್ಲ ಸೇರಿ 19 ಸಾವಿರದ ಹತ್ತಿರ ಬರುತ್ತೆ, ನಾನು 26 ತಗೋತೀನಿ. ಕಬ್ಬಿಣ ಹೋಯ್ತು ಅಂದರೆ ಕ್ರಿಮಿ ಹೋಯ್ತು ಅಂತಲ್ಲ. ಕುಡಿಯೋಕೆ ಕಾಯಿಸಬೇಕು, ಇಲ್ಲ ಫಿಲ್ಟರ್ ಆದ ಮೇಲೆ ಕ್ಲೋರಿನ್ ಹಾಕಬೇಕು. ಮೊದಲೇ ಹಾಕಿದರೆ ಕಬ್ಬಿಣವೇ ಅದನ್ನು ತಿಂದುಬಿಡುತ್ತೆ. ಫ್ಲೋರೈಡಿಗಂತೂ ಇದು ಆಗಲ್ಲ. ನಾಗಮಂಗಲ ಕಡೆಯಿಂದ ಒಬ್ಬರು ರಿಪೋರ್ಟ್ ಕಳಿಸಿದ್ದರು, ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಮೇಲಿತ್ತು, 1.5 ದಾಟಬಾರದು. ಕಾಯಿಸಿದರೂ ಹೋಗಲ್ಲ. ಅಡ್ವಾನ್ಸ್ ಹಾಕ್ತೀನಿ ಅಂದರು, ಬೇಡ ಅಂದೆ. ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ, ಆ ಬೋರ್ ನೀರು ಬಟ್ಟೆ ಪಾತ್ರೆಗೆ ಮಾತ್ರ ಇರಲಿ ಅಂತ ಹೇಳಿ ಕಳಿಸಿದೆ.