ಗಲ್ಲು ಶಿಕ್ಷೆಯ ಮರುಪರಿಶೀಲನೆ: ಕಾಸರಗೋಡಿನ ಮನೆಯವರು ಕೂಡಿಸಬೇಕಾದ ಕಾಗದಪತ್ರ

ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲೊಂದೇ ಶಿಕ್ಷೆ ಎನ್ನುತ್ತಿದ್ದ ಹಿಂದಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 303ನೇ ಕಲಮನ್ನು ಸುಪ್ರೀಂ ಕೋರ್ಟು 1983ರ ಮಿಟ್ಠು ಪ್ರಕರಣದಲ್ಲಿ ಸಂವಿಧಾನಬಾಹಿರವೆಂದು ರದ್ದು ಮಾಡಿತು. ಹಾಗಾಗಿ ಕೊಲೆ ಪ್ರಕರಣದಲ್ಲಿ ಗಲ್ಲೋ ಜೀವಾವಧಿಯೋ ಎಂದು ನ್ಯಾಯಾಧೀಶರು ತೂಗಿ ನೋಡಲೇಬೇಕು. ತೂಗಲು ಕೈದಿಯ ಬದುಕಿನ ವಿವರ ಬೇಕು. ಅದರ ಬಹುಪಾಲು ಸಿಗುವುದು ಊರಿನಲ್ಲೇ.

ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೆ ಹೈಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಜೈಲಿನಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಎರ್ನಾಕುಳಂನ ಹೈಕೋರ್ಟು ಖಾಯಂ ಮಾಡುವವರೆಗೆ ಶಿಕ್ಷೆ ಜಾರಿಯಾಗದು. ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ 2022ರ ತೀರ್ಪಿನಂತೆ ಮಾನಸಿಕ ತಪಾಸಣೆ ಮತ್ತು ಜೈಲಿನ ನಡತೆಯ ವರದಿ ತರಿಸಲು ವಕೀಲರು ಅರ್ಜಿ ಹಾಕಲಿ.

ಮೊದಲು ಶಾಲೆಗೆ ಹೋಗಿ. ಟಿಸಿ ಸಾಲದು, ಅಡ್ಮಿಷನ್ ರಿಜಿಸ್ಟರಿನ ಆ ಪುಟದ ದೃಢೀಕೃತ ನಕಲನ್ನೇ ಕೇಳಿ. ಮಂಜೇಶ್ವರ, ಕುಂಬಳೆ ಕಡೆಯ ಹಳೆ ಶಾಲೆಗಳಲ್ಲಿ ಹೆಸರು ಕನ್ನಡದಲ್ಲಿ ಒಂದು ರೀತಿ, ರೇಷನ್ ಕಾರ್ಡಿನ ಮಲಯಾಳದಲ್ಲಿ ಇನ್ನೊಂದು, ಎಫ್‌ಐಆರ್‌ನಲ್ಲಿ ಮತ್ತೊಂದು ಇರಬಹುದು. ತಂದೆಯ ಹೆಸರು, ಮನೆ ಹೆಸರು ತಾಳೆ ಹಾಕಿ, ಮೂರೂ ಒಬ್ಬನದೇ ಎಂದು ಅಫಿಡವಿಟ್ ಮಾಡಿಸಿ. ಇದು ಕ್ಷುಲ್ಲಕವಲ್ಲ: ಪುಣೆಯ 1994ರ ಕೊಲೆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿದ್ದವನು ಆಗ ಅಪ್ರಾಪ್ತ ಬಾಲಕನಾಗಿದ್ದನೆಂದು 2023ರಲ್ಲಿ ಸಾಬೀತಾದದ್ದು ಬೇರೆ ಹೆಸರಿದ್ದ ಶಾಲಾ ರಿಜಿಸ್ಟರಿನಿಂದ. 28 ವರ್ಷ ಜೈಲಿನಲ್ಲಿದ್ದವನು ಬಿಡುಗಡೆಯಾದ.

ಆಸ್ಪತ್ರೆ ಚೀಟಿ, ಸಾಲದ ಕಾಗದ, ಕೂಲಿಯ ದಾಖಲೆ ಯಾವುದನ್ನೂ ಎಸೆಯಬೇಡಿ. ಪಂಚಾಯತ್ ಸದಸ್ಯರ ‘ಒಳ್ಳೆಯ ಹುಡುಗ’ ಎಂಬ ಪತ್ರಕ್ಕೆ ಹೆಚ್ಚು ಬೆಲೆಯಿಲ್ಲ. ಯಾವ ತರಗತಿಯಲ್ಲಿ ಶಾಲೆ ಬಿಟ್ಟ, ಏಕೆ ಬಿಟ್ಟ ಎಂದು ಮೇಷ್ಟ್ರು ಬರೆದುಕೊಟ್ಟರೆ ಅದಕ್ಕಿದೆ. ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ, ಅನುವಾದಕರ ಸಹಿ ಸೇರಿಸಿ. ಮೂಲಪ್ರತಿ ನಿಮ್ಮಲ್ಲೇ ಇರಲಿ.

ಸುಪ್ರೀಂ ಕೋರ್ಟಿನಲ್ಲೂ ಸೋತು, ಮನೋಜ್ ತೀರ್ಪಿನ ನಿಯಮ ಪಾಲನೆಯಾಗಿಲ್ಲದಿದ್ದರೆ, ಸಂವಿಧಾನದ 32ನೇ ವಿಧಿಯಡಿ ಶಿಕ್ಷೆಯ ಭಾಗವನ್ನು ಮತ್ತೆ ತೆರೆಸಬಹುದೆಂದು ಅದೇ ಕೋರ್ಟಿನ 2025ರ ಆಗಸ್ಟಿನ ದುಪಾರೆ ತೀರ್ಪು ಹೇಳಿದೆ. ಅದು ಅಪರೂಪದ ದಾರಿ, ಲೋಪವನ್ನು ನಿಖರವಾಗಿ ತೋರಿಸಬೇಕು. ಅಪರಾಧಿ ಎಂಬ ತೀರ್ಮಾನ ಮಾತ್ರ ಹಾಗೇ ಉಳಿಯುತ್ತದೆ.

ಗಲ್ಲು ತಪ್ಪಿದರೆ ಮನೆಗೆ ಬರುತ್ತಾನೆಂದು ತಾಯಿಗೆ ಆಸೆ ಹುಟ್ಟಿಸಬೇಡಿ. ಅವಧಿ ಕಡಿತದ ರಿಯಾಯಿತಿ ಇಲ್ಲದ 25, 30 ವರ್ಷದ ಸೆರೆ ವಿಧಿಸುವ ಅಧಿಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗಿದೆ.