ಬ್ರುಟ್ಟೋ ನೋಡಿ ಹಿಗ್ಗಬೇಡಿ: ಜರ್ಮನಿಯ ಸಂಬಳ, ತೆರಿಗೆ, ಮಕ್ಕಳ ದುಡ್ಡು

ಆಫರ್ ಲೆಟರ್ ಕೈಗೆ ಬಂದಾಗ ನಾವೆಲ್ಲ ಮಾಡುವ ಮೊದಲ ಕೆಲಸ ಒಂದೇ. 60,000 ಯೂರೋವನ್ನು ರೂಪಾಯಿಗೆ ಗುಣಿಸುವುದು. ನಾನೂ ಗುಣಿಸಿದ್ದೆ, ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಆಮೇಲೆ ಮೊದಲ ಸಂಬಳದ ಚೀಟಿ ಬಂತು. ಮೇಲೆ 5,000, ಕೆಳಗೆ 3,100 ಚಿಲ್ಲರೆ. ಮೇಲಿನದು ಬ್ರುಟ್ಟೋ, ಕೆಳಗಿನದು ನೆಟ್ಟೋ. ನೀವು ಬದುಕುವುದು ನೆಟ್ಟೋದಲ್ಲಿ.

ನಡುವೆ ಹೋದದ್ದೆಲ್ಲ ತೆರಿಗೆಯಲ್ಲ. 2025ರ ಲೆಕ್ಕದಲ್ಲಿ ಈ ಸಂಬಳಕ್ಕೆ, ಒಂಟಿಯಾಗಿದ್ದರೆ, ಆದಾಯ ತೆರಿಗೆ 800ರ ಆಸುಪಾಸು. ಅದಕ್ಕಿಂತ ಜಾಸ್ತಿ ಹೋಗುವುದು ವಿಮೆಗಳಿಗೆ: ಪಿಂಚಣಿ, ಆರೋಗ್ಯ, ನಿರುದ್ಯೋಗ, ಮುಪ್ಪಿನ ಆರೈಕೆ. ಪಿಂಚಣಿಗೆ ಸಂಬಳದ 18.6%, ಅರ್ಧ ನಿಮ್ಮದು, ಅರ್ಧ ಕಂಪನಿಯದು. ಆರೈಕೆ ವಿಮೆಯಲ್ಲಿ ಒಂದು ಸಣ್ಣ ವಿಷಯವಿದೆ. ಮಕ್ಕಳಿಲ್ಲದವರಿಂದ 0.6% ಹೆಚ್ಚು ಹಿಡಿಯುತ್ತಾರೆ. ಮಗು ಇನ್ನೂ ಊರಿನಲ್ಲೇ ಇದ್ದರೂ ಅದರ ಜನನ ಪತ್ರ ಎಚ್‌ಆರ್‌ಗೆ ಕೊಡಿ. 5,000ದ ಸಂಬಳಕ್ಕೆ ತಿಂಗಳಿಗೆ 30 ಯೂರೋ ಉಳಿಯುತ್ತದೆ. ಯಾರೂ ತಾವಾಗಿ ಕೇಳುವುದಿಲ್ಲ. ಈ ದೇಶದಲ್ಲಿ ದುಡ್ಡು ಬರುವುದು ಅರ್ಜಿ ಹಾಕಿದವರಿಗೆ, ಅದೂ ಗಡುವಿನೊಳಗೆ.

ಬಂದ ಕೂಡಲೇ ವಿಳಾಸ ನೋಂದಾಯಿಸಬೇಕು, ಅದೇ ಆನ್‌ಮೆಲ್ಡುಂಗ್. ಆಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಮನೆಯ ಪತ್ರದ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಅಂಚೆಯವರು ಹಾಕದೆ ವಾಪಸ್ ಒಯ್ಯುತ್ತಾರೆ. ನಮ್ಮ ಹೆಸರುಗಳು ಉದ್ದ, ಡಬ್ಬಿಯ ಚೀಟಿ ಹೆಬ್ಬೆರಳಿನಷ್ಟು. ಇನಿಷಿಯಲ್ ಬಿಟ್ಟು ಪಾಸ್‌ಪೋರ್ಟಿನಲ್ಲಿರುವ ಸರ್‌ನೇಮ್ ಬರೆದು ಅಂಟಿಸಿ. ಸಂಖ್ಯೆ ಸಿಗುವವರೆಗೆ ಕಂಪನಿಯವರು ಆರನೇ ಕ್ಲಾಸಿನ (ಸಂಬಳದಿಂದ ತಿಂಗಳಿಗೆ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ಆರು ವರ್ಗಗಳಲ್ಲಿ ಕೊನೆಯದು) ದರದಲ್ಲಿ ತೆರಿಗೆ ಕತ್ತರಿಸಬಹುದು. ಇರುವುದರಲ್ಲೇ ದುಬಾರಿ ಅದು.

ಅದೇ ನೋಂದಣಿ ಫಾರ್ಮಿನಲ್ಲಿ ಧರ್ಮ ಯಾವುದು ಎಂಬ ಪ್ರಶ್ನೆಯಿದೆ. ಸುಮ್ನೆ ತುಂಬಿಸುವ ಕಾಲಂ ಅಲ್ಲ ಅದು. ಮಂಗಳೂರಿನ ಕ್ಯಾಥೊಲಿಕ್ ಗೆಳೆಯರು ಕ್ಯಾಥೊಲಿಕ್ ಎಂದು ಬರೆದರೆ ಚರ್ಚ್ ತೆರಿಗೆ ಶುರು. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಆದಾಯ ತೆರಿಗೆಯ 8%, ಉಳಿದ ರಾಜ್ಯಗಳಲ್ಲಿ 9%. ಕೊಡಬೇಕೆನ್ನಿಸಿದರೆ ಕೊಡಿ, ಗೊತ್ತಿದ್ದು ಕೊಡಿ.

ಇನ್ನು ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮುಗಿಯದ ಚರ್ಚೆ, ತೆರಿಗೆ ಕ್ಲಾಸು. ಹೆಂಡತಿಯೋ ಗಂಡನೋ ಭಾರತದಲ್ಲೇ ಇದ್ದರೆ ನಿಮಗೆ ಒಂದನೇ ಕ್ಲಾಸು, ಮದುವೆಯಾಗಿದ್ದರೂ. ಅವರು ಬಂದು ನೋಂದಾಯಿಸಿಕೊಂಡ ಮೇಲೆ ಇಬ್ಬರಿಗೂ ನಾಲ್ಕು. ಅರ್ಜಿ ಹಾಕಿದರೆ ಒಬ್ಬರಿಗೆ ಮೂರು (ಕಡಿತ ಕಡಿಮೆ), ಇನ್ನೊಬ್ಬರಿಗೆ ಐದು (ಕಡಿತ ಜಾಸ್ತಿ). ಒಬ್ಬರೇ ದುಡಿಯುವ ಮನೆಯಲ್ಲಿ ಮೂರು-ಐದು ಸರಿ. ನಮ್ಮ 5,000ದ ಉದಾಹರಣೆಯಲ್ಲಿ, ಮಗುವೂ ಇದ್ದರೆ, ಕೈಗೆ ಬರುವ ದುಡ್ಡು ಹತ್ತಿರ ಹತ್ತಿರ 400 ಏರುತ್ತದೆ. ಹಾಗಂತ ಇದು ಉಳಿತಾಯ ಎಂದುಕೊಳ್ಳಬೇಡಿ. ಇಬ್ಬರೂ ಸೇರಿ ರಿಟರ್ನ್ ಸಲ್ಲಿಸಿದಾಗ ವರ್ಷದ ತೆರಿಗೆ ಎರಡು ದಾರಿಯಲ್ಲೂ ಒಂದೇ. ಮೊದಲೇ ಕೈಗೆ ಬರುತ್ತದೋ ಆಮೇಲೆ ಬರುತ್ತದೋ ಅಷ್ಟೇ ವ್ಯತ್ಯಾಸ.

ಎಡವುವುದು ಇಲ್ಲೇ. ನನ್ನ ಪರಿಚಯದ ಜೋಡಿಯೊಂದು, ಇಬ್ಬರೂ ದುಡಿಯುವವರು, ಗಂಡನಿಗೆ ಮೂರು, ಹೆಂಡತಿಗೆ ಐದು ಮಾಡಿಸಿಕೊಂಡಿತ್ತು. ಮಗುವಾಯಿತು. ಎಲ್ಟರ್ನ್‌ಗೆಲ್ಡ್, ಅಂದರೆ ಮಗು ನೋಡಿಕೊಳ್ಳಲು ಕೆಲಸ ಬಿಟ್ಟು ಕೂರುವವರಿಗೆ ಸರ್ಕಾರ ಕೊಡುವ ದುಡ್ಡು, ಸಾಮಾನ್ಯವಾಗಿ ಹಿಂದಿನ ನೆಟ್ಟೋದ 65%. ಕನಿಷ್ಠ 300, ಗರಿಷ್ಠ 1,800 ಯೂರೋ. ಐದನೇ ಕ್ಲಾಸಿನಲ್ಲಿ ಅವಳ ನೆಟ್ಟೋ ಕುಗ್ಗಿ ಹೋಗಿತ್ತಲ್ಲ, ಬಂದ ದುಡ್ಡೂ ಕುಗ್ಗಿತು. ಲೆಕ್ಕಕ್ಕೆ ಹಿಡಿಯುವ ಹನ್ನೆರಡು ತಿಂಗಳಲ್ಲಿ ಹೆಚ್ಚು ಕಾಲ ಯಾವ ಕ್ಲಾಸು ಇತ್ತೋ ಅದೇ ಗಣನೆಗೆ. ಹೆರಿಗೆಗೆ ಆರು ವಾರ ಮುಂಚೆ ರಜೆ ಶುರುವಾಗುತ್ತದೆ. ಅದಕ್ಕೂ ಕನಿಷ್ಠ ಏಳು ತಿಂಗಳು ಮೊದಲೇ ಕ್ಲಾಸು ಬದಲಾಗಿರಬೇಕು. ಅಂದರೆ ಸಿಹಿ ಸುದ್ದಿ ಅಮ್ಮನಿಗೆ ಹೇಳುವ ಮೊದಲೇ ತೆರಿಗೆ ಕಚೇರಿಗೆ ಹೇಳಬೇಕು. ನಗು ಬಂದರೂ ನಿಜ.

ಎಲ್ಟರ್ನ್‌ಗೆಲ್ಡ್ ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳದು ಮಾತ್ರ ಸಿಗುತ್ತದೆ. ಇಬ್ಬರೂ ರಜೆ ಹಂಚಿಕೊಂಡರೆ ಹನ್ನೆರಡರ ಬದಲು ಹದಿನಾಲ್ಕು ತಿಂಗಳು. ಅಪ್ಪಂದಿರೇ, ಆ ಎರಡು ತಿಂಗಳು ಬಿಡಬೇಡಿ.

ಕಿಂಡರ್‌ಗೆಲ್ಡ್, ಅಂದರೆ ಮಕ್ಕಳಿಗೆಂದು ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡು, ಸುಲಭ. 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ, 2026ರ ಜನವರಿಯಿಂದ 259. ಸಂಬಳ ಎಷ್ಟಿದ್ದರೂ ಸಿಗುತ್ತದೆ. ಬ್ಲೂ ಕಾರ್ಡ್ (ಪದವೀಧರ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇದ್ದವರಿಗೂ ಸಿಗುತ್ತದೆ. ಅರ್ಜಿ ಫಮೀಲಿಯೆನ್‌ಕಾಸ್ಸೆ ಎಂಬ ಸರ್ಕಾರಿ ಕಚೇರಿಗೆ. ಇಲ್ಲಿ ಹಿಂದಿನ ಬಾಕಿ ಆರು ತಿಂಗಳದಷ್ಟೇ. ಸರ್ಕಾರದ ದುಡ್ಡು ತಗೊಂಡರೆ ಪಿಆರ್ (ಕಾಯಂ ವಾಸದ ಪರವಾನಗಿ) ಸಿಗಲ್ಲವಂತೆ ಎಂದು ಹೆದರಿ ಅರ್ಜಿಯೇ ಹಾಕದವರನ್ನು ಕಂಡಿದ್ದೇನೆ. ಆ ಭಯ ಬೇಡ. ಕಿಂಡರ್‌ಗೆಲ್ಡ್, ಎಲ್ಟರ್ನ್‌ಗೆಲ್ಡ್ ಎರಡೂ ಆ ಲೆಕ್ಕಕ್ಕೆ ಬರುವುದಿಲ್ಲ.

ಆರೋಗ್ಯ ವಿಮೆಯ ಬಗ್ಗೆ ಒಂದೇ ಮಾತು. ಸರ್ಕಾರಿ ವಿಮೆಯಲ್ಲಿ ದುಡಿಯದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತಿಲ್ಲ. ಖಾಸಗಿಯಲ್ಲಿ ತಲೆಗೊಂದು ಕಂತು. ಚಿಕ್ಕ ವಯಸ್ಸಿನಲ್ಲಿ ಅಗ್ಗ ಅಂತ ಖಾಸಗಿಗೆ ಹೋದವರು ಸಂಸಾರ ಬಂದ ಮೇಲೆ ಪೇಚಾಡುತ್ತಾರೆ.

ನಮ್ಮವರು ಬಿಟ್ಟುಬಿಡುವ ದೊಡ್ಡ ವಿನಾಯಿತಿ ಊರಿನ ಅಪ್ಪ-ಅಮ್ಮನಿಗೆ ಕಳಿಸುವ ದುಡ್ಡಿನದು. ಇದನ್ನು ನಿಮ್ಮ ಆದಾಯದಿಂದ ಕಳೆಯಬಹುದು. ಭಾರತಕ್ಕೆ ಜರ್ಮನ್ ಮಿತಿಯ ಕಾಲು ಭಾಗ: 2025ಕ್ಕೆ ಒಬ್ಬರಿಗೆ 3,024 ಯೂರೋ. ಅವರಿಗೆ ಒಳ್ಳೆಯ ಪಿಂಚಣಿ ಬರುತ್ತಿದ್ದರೆ ಇದನ್ನು ಮರೆತುಬಿಡಿ. ಆದಾಯವಿಲ್ಲದವರಿಗಾದರೆ ಸಲ್ಲುತ್ತದೆ. 2025ರಿಂದ ಬ್ಯಾಂಕಿನ ಮೂಲಕ ಅವರ ಖಾತೆಗೇ ಹೋದ ದುಡ್ಡು ಮಾತ್ರ ಲೆಕ್ಕ. ಊರಿಗೆ ಹೋದಾಗ ಸೆರಗಿಗೆ ಕಟ್ಟಿಕೊಟ್ಟದ್ದು ನಡೆಯುವುದಿಲ್ಲ. ಡಿಸೆಂಬರಿನಲ್ಲಿ ಒಟ್ಟಿಗೆ ಕಳಿಸಿದರೆ ಇಡೀ ವರ್ಷದ್ದು ಸಿಗುವುದಿಲ್ಲ, ಜನವರಿಯಿಂದಲೇ ಕಳಿಸುತ್ತಾ ಬನ್ನಿ.

ಜೊತೆಗೆ ಒಂದು ಫಾರ್ಮ್ ಬೇಕು. ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾದದ್ದು, ಅಮ್ಮನಿಗೆ ಬೇರೆ ಆದಾಯವಿಲ್ಲ ಎಂದು ಅಲ್ಲಿನ ಸರ್ಕಾರಿ ಅಧಿಕಾರಿ ಸಹಿ, ಸೀಲು ಹಾಕಬೇಕು. ನನ್ನ ತಮ್ಮ ಅದನ್ನು ಹಿಡಿದು ಮೂರು ಸಲ ಒಂದು ಕಚೇರಿಗೆ ಅಲೆದ. ಮೊದಲ ದಿನ ಸಾಹೇಬರಿರಲಿಲ್ಲ. ಎರಡನೇ ದಿನ ಜರ್ಮನ್ ಅಕ್ಷರ ಕಂಡು, ಇದಕ್ಕೆ ನಾನ್ಯಾಕೆ ಸಹಿ ಹಾಕಲಿ ಎಂದರಂತೆ. ಮೂರನೇ ದಿನ ಕೆಳಗಿನ ಇಂಗ್ಲಿಷ್ ಸಾಲುಗಳಿಗೆ ಪೆನ್ಸಿಲಿನಲ್ಲಿ ಕನ್ನಡ ಬರೆದು ಒಯ್ದ. ಹತ್ತು ನಿಮಿಷದಲ್ಲಿ ಸೀಲು ಬಿತ್ತು.

ರಿಟರ್ನ್ ಸಲ್ಲಿಸಲು ಎಲ್ಸ್ಟರ್ ಎಂಬ ಸರ್ಕಾರಿ ತಾಣ ಉಚಿತ. ಇಬ್ಬರೂ ದುಡಿಯುವ ಮೂರು-ಐದು ಕ್ಲಾಸಿನವರಿಗೆ ರಿಟರ್ನ್ ಕಡ್ಡಾಯ, ಮುಂದಿನ ವರ್ಷದ ಜುಲೈ 31ರೊಳಗೆ. ಕಡ್ಡಾಯವಿಲ್ಲದವರಿಗೆ ನಾಲ್ಕು ವರ್ಷ ಸಮಯವಿದೆ.

ಕೊನೆಗೂ ಊರಿಗೇ ಹೊರಟರೆ ಪಿಂಚಣಿಯ ಕಾಗದಗಳನ್ನು ಎಸೆಯಬೇಡಿ. ಪಿಂಚಣಿ ಕಂತು ಕಟ್ಟಿ 60 ತಿಂಗಳು ತುಂಬದೆ ಹೊರಟವರು, ಯುರೋಪಿಯನ್ ಒಕ್ಕೂಟ ಬಿಟ್ಟು ಎರಡು ವರ್ಷವಾದ ಮೇಲೆ ತಮ್ಮ ಪಾಲಿನ ದುಡ್ಡು ವಾಪಸ್ ಕೇಳಬಹುದು. ಕಂಪನಿಯ ಪಾಲು ಬರುವುದಿಲ್ಲ. 60 ತುಂಬಿದವರಿಗೆ ವಯಸ್ಸಾದ ಮೇಲೆ ಪಿಂಚಣಿಯೇ ಬರುತ್ತದೆ, ಭಾರತದಲ್ಲಿದ್ದರೂ. 2017ರ ಮೇ ತಿಂಗಳಿಂದ ಎರಡು ದೇಶಗಳ ನಡುವಿನ ಒಪ್ಪಂದ ಜಾರಿಯಲ್ಲಿದೆ. 57ನೇ ತಿಂಗಳಿಗೆ ರಾಜೀನಾಮೆ ಬರೆಯುತ್ತಿದ್ದರೆ, ಕಳಿಸುವ ಮೊದಲು ಒಮ್ಮೆ ಎಣಿಸಿ ನೋಡಿ.