ಗಾಜಿನ ಪೆಟ್ಟಿಗೆಯೊಳಗೆ ಯಾವ ಹಲಗೆ?

ಮ್ಯೂಸಿಯಂಗೆ ಶೋಕೇಸ್ ಮಾಡಿಸುವಾಗ ಎಲ್ಲರ ಕಣ್ಣು ಗಾಜು, ಬೀಗ, ದೀಪದ ಮೇಲೆ. ವಸ್ತು ಕೂರುವ ಹಲಗೆಯ ಆಯ್ಕೆ ಬಡಗಿಯ ಪಾಲಿಗೆ. ಧೂಳು ಬಾರದಿರಲೆಂದು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದಷ್ಟೂ ಆ ಹಲಗೆ ಬಿಡುವ ಆವಿ ಒಳಗೇ ಕೂಡಿಕೊಳ್ಳುತ್ತದೆ.

ಮೊದಲು ಒಳಗೆ ಏನಿಡುತ್ತೀರಿ ಎಂದು ಪಟ್ಟಿ ಮಾಡಿ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಆವಿ. ಉಣ್ಣೆಯ ಬಟ್ಟೆ, ಮಾಮೂಲಿ ರಬ್ಬರ್ ಅದಕ್ಕೆ ಸಾಕು. ಸೀಸಕ್ಕೆ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿಯೇ ಶತ್ರು. ಸೀಸದ ಮುದ್ರೆ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಶಂಖ, ಚಿಪ್ಪುಗಳ ಮೇಲೂ ಬಿಳಿ ಹರಳು ಮೂಡುತ್ತದೆ. 1899ರಲ್ಲಿ ಇದನ್ನು ವಿವರಿಸಿದ ಬೈನ್ ಅವರ ಹೆಸರಲ್ಲಿ ಅದಕ್ಕೆ ‘ಬೈನ್ ಕಾಯಿಲೆ’ ಎನ್ನುತ್ತಾರೆ. ಕಾಯಿಲೆ ಏನಲ್ಲ, ಮರದ ಕಪಾಟಿನ ಆಮ್ಲದ ಕೆಲಸ.

ಆದ್ದರಿಂದ ಮರವನ್ನು ಆದಷ್ಟು ದೂರವಿಡಿ. ಓಕ್ ಎಲ್ಲಕ್ಕಿಂತ ಕೆಟ್ಟದ್ದರ ಸಾಲಿನಲ್ಲಿದೆ. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ), ಪ್ಲೈವುಡ್‌ಗಳಲ್ಲಿ ಮರದ ಜೊತೆ ಅಂಟಿನ ಕಾಟವೂ ಇದೆ. ‘ಫಾರ್ಮಾಲ್ಡಿಹೈಡ್ ರಹಿತ’ ಎಂಬ ಚೀಟಿ ನೋಡಿ ನಿರಾಳರಾಗಬೇಡಿ. ಅದು ಅಂಟು ಬಿಡುವ ಅನಿಲದ ಮಾತು, ಮರ ತಾನೇ ಬಿಡುವ ಆಮ್ಲದ ಮಾತಲ್ಲ. ಪಿವಿಸಿ ಹಲಗೆಯೂ ಬೇಡ, ಅದು ಹಳತಾದಂತೆ ಹೈಡ್ರೋಕ್ಲೋರಿಕ್ ಆಮ್ಲ ಬಿಡಬಲ್ಲದು.

ಗಾಜು, ಅಕ್ರಿಲಿಕ್ ಹಾಳೆ, ಒಲೆಯಲ್ಲಿ ಚೆನ್ನಾಗಿ ಬೇಯಿಸಿದ ಪೌಡರ್ ಕೋಟಿಂಗ್ ಇರುವ ಲೋಹ ಸಾಮಾನ್ಯವಾಗಿ ಸುರಕ್ಷಿತ. ಅಗಲವಾದ ತಳಕ್ಕೆ ನನ್ನ ಮತ ಅಲ್ಯೂಮಿನಿಯಂ ಜೇನುಗೂಡು ಹಲಗೆಗೆ, ಅಂದರೆ ಎರಡು ತಗಡುಗಳ ನಡುವೆ ಜೇನುಗೂಡಿನಂಥ ಪದರವಿರುವುದಕ್ಕೆ: ಹಗುರ, ಬಾಗುವುದಿಲ್ಲ. ಪದರಗಳ ನಡುವೆ ಯಾವ ಅಂಟಿದೆ ಎಂದು ಮಾತ್ರ ಕೇಳಿ.

ಮರ ತಪ್ಪಿಸಲಾಗದಿದ್ದರೆ ಬಣ್ಣವನ್ನು ನಂಬಬೇಡಿ. ಅಲ್ಯೂಮಿನಿಯಂ ಪದರವಿರುವ ತಡೆಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿಮಾಡಿ ಅಂಟಿಸಿ. ಮೇಲ್ಮುಖಕ್ಕಷ್ಟೇ ಹಚ್ಚಿದರೆ ಸಾಲದು. ಅಂಚು, ತಳ, ಸ್ಕ್ರೂ ತೂತು ಎಲ್ಲವೂ ಮುಚ್ಚಬೇಕು.

ಅನುಮಾನವಿದ್ದರೆ ‘ಆಡಿ ಪರೀಕ್ಷೆ’ ಮಾಡಿಸಿ. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆ್ಯಂಡ್ರೂ ಆಡಿ ರೂಪಿಸಿದ್ದು. ಸುಮಾರು 2 ಗ್ರಾಂ ಹಲಗೆ ಚೂರು, ತುಸು ನೀರು, ಹೊಳಪು ಕೊಟ್ಟ ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 28 ದಿನ ಇಡುತ್ತಾರೆ. ಹಲಗೆ ಇಲ್ಲದ ಇನ್ನೊಂದು ಪಾತ್ರೆ ಹೋಲಿಕೆಗೆ. ಯಾವ ಲೋಹ ಕಂದಿತೋ ಅದೇ ಅಪಾಯದ ಸುಳಿವು. ತಯಾರಕರು ಸದ್ದಿಲ್ಲದೆ ಅಂಟು ಬದಲಿಸುತ್ತಾರೆ, ಹೊಸ ಸರಕು ಬಂದಾಗ ಮತ್ತೆ ಪರೀಕ್ಷಿಸಬೇಕು.

ಕೊನೆಗೆ ಸಂದು ಮುಚ್ಚುವ ಸಿಲಿಕೋನ್. ಹಚ್ಚುವಾಗ ವಿನೆಗರ್ ವಾಸನೆ ಹೊಡೆದರೆ ಅಲ್ಲೇ ನಿಲ್ಲಿಸಿ, ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವ ಟ್ಯೂಬ್ ತರಿಸಿ.